ಆರಾಮ ಅನಿಸುವ ಹತ್ತನೇ ದಿನ

ಕ್ಯಾನ್ಸರ್‌ಗೆ ಕೀಮೋದ ಒಂದು ಸುತ್ತು ಮುಗಿಸಿ ಮನೆಗೆ ಬಂದು ಹತ್ತು ದಿನ ಆಗಿದೆ. ವಾಂತಿ ನಿಂತಿದೆ. ಊಟ ಸ್ವಲ್ಪ ಸ್ವಲ್ಪವೇ ಸೇರುತ್ತಿದೆ. ರಾತ್ರಿ ಒಂಬತ್ತರ ಹೊತ್ತಿಗೆ ಮೈ ಬೆಚ್ಚಗಾಗುತ್ತದೆ. ಥರ್ಮಾಮೀಟರ್ ಇಟ್ಟು ನೋಡಿದರೆ 38.3 ಡಿಗ್ರಿ ಸೆಲ್ಸಿಯಸ್. ಕೆಮ್ಮಿಲ್ಲ, ಎಲ್ಲೂ ನೋವಿಲ್ಲ. ಒಂದು ಪ್ಯಾರಾಸಿಟಮಾಲ್ ನುಂಗಿ ಮಲಗಿದರೆ ಆಯ್ತು, ಬೆಳಿಗ್ಗೆ ನೋಡೋಣ ಅನಿಸುತ್ತದೆ ಅಲ್ವಾ?

ಬೆಳಿಗ್ಗೆವರೆಗೆ ಕಾಯಬಾರದು. ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು.

ಬೇಗ ಬೇಗ ಒಡೆದು ಎರಡಾಗುವ ಕೋಶಗಳನ್ನು ಕೀಮೋ ಔಷಧಿ ಕೊಲ್ಲುತ್ತದೆ. ಮೈಯಲ್ಲಿ ಹಾಗೆ ಬೆಳೆಯುವುದು ಕ್ಯಾನ್ಸರ್ ಒಂದೇ ಅಲ್ಲ. ಕೂದಲ ಬುಡ, ಬಾಯಿ ಮತ್ತು ಕರುಳಿನ ಒಳಪದರ, ಮೂಳೆಯೊಳಗಿನ ಮಜ್ಜೆ, ಎಲ್ಲಕ್ಕೂ ಏಟು ಬೀಳುತ್ತದೆ. ಕೂದಲು ಉದುರುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಮಜ್ಜೆ ಸೊರಗುವುದು ಯಾರಿಗೂ ಕಾಣುವುದಿಲ್ಲ.

ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಹುಟ್ಟುವುದು ಈ ಮಜ್ಜೆಯಲ್ಲೇ. ಬ್ಯಾಕ್ಟೀರಿಯಾ ಒಳಗೆ ಬಂದರೆ ಮೊದಲು ಓಡಿಹೋಗಿ ನುಂಗುವುದು ಇದೇ ಕಣ. ಆರೋಗ್ಯವಂತರ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್ ತಯಾರಿಸುತ್ತದೆ. ಅಷ್ಟು ಬೇಕೇ ಬೇಕು, ಯಾಕೆಂದರೆ ರಕ್ತಕ್ಕೆ ಬಂದ ಮೇಲೆ ಅವು ಬಹಳ ದಿನ ಬಾಳುವುದಿಲ್ಲ. ಕೀಮೋ ಆದ ಮೊದಲ ಕೆಲವು ದಿನ, ಮಜ್ಜೆಯಲ್ಲಿ ಮೊದಲೇ ಅರ್ಧ ಬೆಳೆದಿದ್ದ ಕಣಗಳು ಹೊರಬಂದು ಹೇಗೋ ಸುಧಾರಿಸುತ್ತವೆ. ಅವೂ ಖಾಲಿಯಾದಾಗ ಕೌಂಟ್, ಅಂದರೆ ರಕ್ತದಲ್ಲಿ ಈ ಕಣಗಳ ಸಂಖ್ಯೆ, ಬೀಳುತ್ತದೆ. ಅನೇಕ ಔಷಧಿಗಳಲ್ಲಿ ಇದು ಕೀಮೋ ಆದ 7ರಿಂದ 14 ದಿನಗಳ ನಡುವೆ. ವಾಂತಿ, ಸುಸ್ತು ಕಡಿಮೆಯಾಗಿ ಮನೆಯವರೆಲ್ಲ ನಿಟ್ಟುಸಿರು ಬಿಡುವುದೂ ಅದೇ ದಿನಗಳಲ್ಲಿ. ನನ್ನನ್ನು ತುಂಬ ಕಾಡುವ ವಿಷಯ ಇದು.

ಒಂದು ಮೈಕ್ರೋಲೀಟರ್ ರಕ್ತದಲ್ಲಿ ನ್ಯೂಟ್ರೋಫಿಲ್ 500ಕ್ಕಿಂತ ಕೆಳಗೆ ಇಳಿದರೆ ಸೋಂಕಿನ ಅಪಾಯ ಬಹಳ ಹೆಚ್ಚು. ಬ್ಯಾಕ್ಟೀರಿಯಾ ಹೊರಗಿನಿಂದಲೇ ಬರಬೇಕೆಂದಿಲ್ಲ. ನಮ್ಮದೇ ಕರುಳಿನಲ್ಲಿ ಸುಮ್ನೆ ಇದ್ದವು, ಹುಣ್ಣಾದ ಒಳಪದರ ದಾಟಿ ರಕ್ತಕ್ಕೆ ಸೇರುತ್ತವೆ. ಕೀವು ಎಂದರೆ ಹೆಚ್ಚಿನ ಪಾಲು ಸತ್ತ ನ್ಯೂಟ್ರೋಫಿಲ್‌ಗಳೇ. ಅವೇ ಇಲ್ಲದಿದ್ದರೆ ಗಾಯದಲ್ಲಿ ಕೀವೂ ಸರಿಯಾಗಿ ಕಟ್ಟುವುದಿಲ್ಲ. ನ್ಯುಮೋನಿಯಾ ಆಗಿದ್ದರೂ ಎಕ್ಸ್‌ರೇಯಲ್ಲಿ ಮೊದಲಿಗೆ ಕಾಣದೇ ಇರಬಹುದು. ಎಷ್ಟೋ ಸಲ ಜ್ವರ ಒಂದೇ ಸುಳಿವು. ಪ್ಯಾರಾಸಿಟಮಾಲ್ ಆ ಸುಳಿವನ್ನೂ ಅಳಿಸಿಬಿಡುತ್ತದೆ. ಕೆಲವರಿಗೆ ಜ್ವರವೂ ಬರುವುದಿಲ್ಲ. ಬರೀ ನಡುಕ, ತಲೆಸುತ್ತು, ಮಂಕು. ಅದನ್ನೂ ಅಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು.

ಇದು ಗೊತ್ತಾದದ್ದು ಸುಲಭವಾಗಿ ಅಲ್ಲ. ರಕ್ತದ ಕ್ಯಾನ್ಸರ್ ಇದ್ದ ಮಕ್ಕಳು ಹಿಂದೆ ರಕ್ತಸ್ರಾವದಿಂದಲೇ ಹೆಚ್ಚಾಗಿ ಸಾಯುತ್ತಿದ್ದರು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳನ್ನು ಕೊಡುವುದು ರೂಢಿಗೆ ಬಂದ ಮೇಲೆ ಅದು ಕಡಿಮೆಯಾಯಿತು. ಆಗ ಸೋಂಕು ಮುಂದೆ ಬಂತು. 1966ರಲ್ಲಿ ಅಮೆರಿಕದ ವೈದ್ಯ ಜೆರಾಲ್ಡ್ ಬೋಡಿ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು: ಕೌಂಟ್ ಎಷ್ಟು ಕೆಳಗೆ ಇಳಿಯುತ್ತದೋ, ಎಷ್ಟು ದಿನ ಕೆಳಗೇ ಇರುತ್ತದೋ, ಸೋಂಕು ಅಷ್ಟು ಜಾಸ್ತಿ. ಆದರೂ ಒಂದು ತೊಡಕು ಉಳಿದಿತ್ತು. ಯಾವ ಬ್ಯಾಕ್ಟೀರಿಯಾ ಎಂದು ಲ್ಯಾಬ್ ಹೇಳಲು ದಿನಗಳು ಬೇಕು. ಅಷ್ಟರೊಳಗೆ ರೋಗಿ ಹೋಗಿಬಿಡಬಹುದು. 1971ರಲ್ಲಿ ಅಲ್ಲಿನ ಇನ್ನೊಬ್ಬ ವೈದ್ಯ ಸ್ಟೀಫನ್ ಶಿಂಪ್ಫ್ ಮತ್ತು ಅವರ ತಂಡ ರಿಪೋರ್ಟಿಗೆ ಕಾಯದೆ, ಜ್ವರ ಬಂದ ಕೂಡಲೇ ಎರಡು ಆಂಟಿಬಯೋಟಿಕ್ ಒಟ್ಟಿಗೆ ಕೊಟ್ಟ ಅನುಭವವನ್ನು ಪ್ರಕಟಿಸಿತು. ಊಹೆಯ ಮೇಲೆ ಔಷಧಿ ಕೊಡುವುದೇ ಎಂದು ಕೇಳಬಹುದು. ಹೌದು, ಇಲ್ಲಿ ಅದೇ ಸರಿ. ಇವತ್ತಿಗೂ ರಕ್ತದ ಮಾದರಿ ತೆಗೆದು, ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಶುರುಮಾಡುವುದೇ ಗುರಿ.

ಮಜ್ಜೆಯನ್ನು ಚುರುಕು ಮಾಡುವ ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 1991ರಲ್ಲಿ ಒಪ್ಪಿಗೆ ಸಿಕ್ಕಿತು. ಕೌಂಟ್ ಕೆಳಗಿರುವ ದಿನಗಳನ್ನು ಅದು ಮೊಟಕು ಮಾಡುತ್ತದೆ. ಸೊಂಟ, ಬೆನ್ನಿನ ಮೂಳೆ ನೋಯಬಹುದು. ಅದು ಮಜ್ಜೆ ಕೆಲಸಕ್ಕೆ ಇಳಿದ ನೋವು.

ಅಪಾಯ ಇದೊಂದೇ ಅಲ್ಲ. ಕೆಲವು ರಕ್ತದ ಕ್ಯಾನ್ಸರ್‌ಗಳಲ್ಲಿ ಔಷಧಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದರೆ, ಕೋಶಗಳು ಒಮ್ಮೆಗೇ ಒಡೆದು ಪೊಟ್ಯಾಸಿಯಂ, ಯೂರಿಕ್ ಆಮ್ಲ ರಕ್ತಕ್ಕೆ ಸುರಿಯುತ್ತವೆ. ಕಿಡ್ನಿ ಕೈಕೊಡಬಹುದು, ಹೃದಯದ ಬಡಿತ ತಪ್ಪಬಹುದು. ಅದಕ್ಕೇ ಮೊದಲೇ ಸಲೈನ್ ಏರಿಸುತ್ತಾರೆ, ಯೂರಿಕ್ ಆಮ್ಲ ತಗ್ಗಿಸುವ ಅಲೊಪ್ಯೂರಿನಾಲ್ ಕೊಡುತ್ತಾರೆ, ಪದೇ ಪದೇ ರಕ್ತ ಪರೀಕ್ಷೆ ಮಾಡುತ್ತಾರೆ.

ಸಾಮಾನ್ಯವಾಗಿ ಮೂರನೇ ವಾರದ ಹೊತ್ತಿಗೆ ಮಜ್ಜೆ ಚೇತರಿಸಿಕೊಂಡು ಕೌಂಟ್ ಏರುತ್ತದೆ. ಏರದಿದ್ದರೆ ಮುಂದಿನ ಕೀಮೋವನ್ನು ಕೆಲವು ದಿನ ಮುಂದೂಡುತ್ತಾರೆ. ಚಿಕಿತ್ಸೆ ಸೋತಿತೇನೋ ಎಂದು ಆಗ ಎಷ್ಟೋ ಜನ ಒಳಗೊಳಗೇ ಕುಗ್ಗುತ್ತಾರೆ. ಹಾಗೇನೂ ಅಲ್ಲ. ಮಜ್ಜೆಗೆ ಇನ್ನೂ ನಾಲ್ಕು ದಿನ ಬೇಕಿದೆ, ಅಷ್ಟೇ. ಆ ದಿನಗಳಲ್ಲೂ ಥರ್ಮಾಮೀಟರ್ ಹಾಸಿಗೆ ಪಕ್ಕದಲ್ಲೇ ಇರಲಿ. ರಾತ್ರಿ ಕರೆ ಮಾಡಬೇಕಾದ ಆಸ್ಪತ್ರೆಯ ನಂಬರ್ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.