ಜರಡಿ ಮೇಲೆ ಉಳಿದದ್ದೇ ನಿಮ್ಮ ಮಣ್ಣು

ಹೋದ ತಿಂಗಳು ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಬಸರಿ ಮರದ ಬೋನ್ಸಾಯ್ ಹೊತ್ತುಕೊಂಡು ನನ್ನ ನರ್ಸರಿಗೆ ಬಂದರು. ಎಲೆಯೆಲ್ಲ ಹಳದಿ, ಮುಟ್ಟಿದರೆ ಬುಡವೇ ಅಲ್ಲಾಡುತ್ತಿತ್ತು. ಟ್ರೇಯಿಂದ ಎತ್ತಿ ನೋಡಿದರೆ ಕೆಸರಿನ ಮುದ್ದೆ, ಬೇರು ಕಪ್ಪಾಗಿ ನಾರುತ್ತಿತ್ತು. "ನೀನು ಹೇಳಿದ ಹಾಗೇ ಇಟ್ಟಿಗೆ ಕುಟ್ಟಿ ಜರಡಿ ಹಿಡಿದೆ ಕಣಯ್ಯಾ" ಅಂದರು. ಹಿಡಿದದ್ದು ನಿಜ. ಆದರೆ ಕೆಳಗೆ ಬಿದ್ದ ಪುಡೀನ ಗಿಡಕ್ಕೆ ತುಂಬಿ, ಮೇಲೆ ಉಳಿದ ಚೂರನ್ನು ಗೇಟಿನ ಆಚೆ ಸುರಿದು ಬಂದಿದ್ದರು!

ಅವರನ್ನು ಬೈಯೋದು ಹೇಗೆ ಹೇಳಿ. ಅಡುಗೆಮನೆಯಲ್ಲಿ ಹಿಟ್ಟು ಜರಡಿ ಹಿಡಿದರೆ ಕೆಳಗೆ ಬಿದ್ದದ್ದು ನಮಗೆ, ಮೇಲೆ ಉಳಿದದ್ದು ಹಸುವಿಗೆ. ಬೋನ್ಸಾಯ್‌ನಲ್ಲಿ ಇದು ಪೂರ್ತಿ ಉಲ್ಟಾ. ಇಷ್ಟನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಬರುವವರೆಲ್ಲ ಕೇಳೋದು ಒಂದೇ. ನೀರು ಬಸಿಯಬೇಕು ಅಂತೀರಿ, ತೇವಾನೂ ಇರಬೇಕು ಅಂತೀರಿ, ಎರಡೂ ಒಟ್ಟಿಗೆ ಹೇಗೆ? ತೇವ ಇರಬೇಕಾದ್ದು ಚೂರಿನ ಒಳಗೆ, ಗಾಳಿ ಇರಬೇಕಾದ್ದು ಚೂರುಗಳ ನಡುವೆ. ಇಟ್ಟಿಗೆ ಚೂರಿನ ಮೈತುಂಬ ಸಣ್ಣ ಸಣ್ಣ ತೂತು, ಅದು ನೀರು ಕುಡಿದು ಇಟ್ಟುಕೊಳ್ಳುತ್ತದೆ. ಸಂದಿಯಲ್ಲಿದ್ದ ಮಿಕ್ಕ ನೀರು ಇಳಿದು ಹೋಗುತ್ತದೆ, ಅದರ ಹಿಂದೆಯೇ ಗಾಳಿ ಒಳಗೆ ಬರುತ್ತದೆ. ಬೇರಿಗೂ ಉಸಿರು ಬೇಕಲ್ವಾ? ಇದಕ್ಕೆ ಒಂದಷ್ಟು ಪುಡಿ ಬೆರೆಸಿದಿರಿ ಅಂದುಕೊಳ್ಳಿ, ಅದು ನೇರ ಹೋಗಿ ಆ ಸಂದಿಯಲ್ಲೇ ಕೂರುತ್ತದೆ, ನೀರೂ ಅಲ್ಲೇ ನಿಲ್ಲುತ್ತದೆ, ಗಾಳಿಗೆ ಜಾಗವೇ ಇಲ್ಲ. ಅದಕ್ಕೇ ಏನು ಹಾಕಿದಿರಿ ಅಂತ ನಾನು ಆಮೇಲೆ ಕೇಳೋದು, ಎಷ್ಟು ದಪ್ಪದ್ದು ಹಾಕಿದಿರಿ ಅಂತ ಮೊದಲು ಕೇಳೋದು.

ಲೆಕ್ಕ ಬೇಕಾದರೆ 2ರಿಂದ 6 ಮಿಲಿಮೀಟರ್. ಸಾಸಿವೆಗಿಂತ ದಪ್ಪ, ಕಡಲೆಕಾಳಿಗಿಂತ ಸಣ್ಣ. ಹೆಸರುಕಾಳಿನ ಆಸುಪಾಸು ಇದ್ದರೆ ನನಗೆ ಖುಷಿ. ಮನೆ ಕಟ್ಟುವ ಕಡೆಯಿಂದ ಎಂ-ಸ್ಯಾಂಡ್ ತರ್ತೀರಲ್ಲ, ಅದರ ತುಂಬ ಕಲ್ಲಿನ ಧೂಳು. ಬೇಡ.

"ತಳಕ್ಕೆ ದಪ್ಪ ಜಲ್ಲಿ ಹಾಕಿದೀನಲ್ಲ ಸಾರ್, ನೀರು ಹೋಗುತ್ತೆ" ಅಂತಾರೆ ಇನ್ನು ಕೆಲವರು. ಹೋಗಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಅಡ್ಡ ಹಿಡಿಯಿರಿ. ತೊಟ್ಟಿಕ್ಕೋದು ನಿಂತ ಮೇಲೆ ಹಾಗೇ ನೆಟ್ಟಗೆ ನಿಲ್ಲಿಸಿ, ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಎತ್ತರ ಜಾಸ್ತಿ ಆಯ್ತು ಅಷ್ಟೇ. ಮಣ್ಣಿನ ತಳದಲ್ಲೂ ಹೀಗೇ ಒಂದಿಷ್ಟು ನೀರು ಹಿಡಿದುಕೊಂಡೇ ಇರುತ್ತದೆ. ಎರಡಿಂಚಿನ ಟ್ರೇಗೆ ಅರ್ಧ ಇಂಚು ಜಲ್ಲಿ ಹಾಕಿದರೆ ಆ ಒದ್ದೆ ಪದರ ಅರ್ಧ ಇಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬಂದು ಕೂರುತ್ತದೆ. ಎತ್ತರದ ಕುಂಡದಲ್ಲಿ ಚೆನ್ನಾಗಿದ್ದ ಗಿಡ ಅದೇ ಮಣ್ಣಿನ ಜೊತೆ ಟ್ರೇಗೆ ಬಂದ ಮೇಲೆ ಸೊರಗೋದಕ್ಕೂ ಎಷ್ಟೋ ಸಲ ಇದೇ ಕಾರಣ.

ಬೆಂಗಳೂರಲ್ಲಿ ಆಲ, ಬಸರಿ, ಅತ್ತಿ ಗಿಡಗಳಿಗೆ ನಾನು ಎರಡು ಪಾಲು ಇಟ್ಟಿಗೆ ಚೂರು, ಒಂದು ಪಾಲು ಪ್ಯೂಮಿಸ್ (ಜ್ವಾಲಾಮುಖಿಯ ತೂತುತೂತಾದ ಹಗುರ ಕಲ್ಲು), ಒಂದು ಪಾಲು ಹಳೇ ಎಲೆಗೊಬ್ಬರ ಹಾಕ್ತೀನಿ. ಗೊಬ್ಬರಾನೂ ಜರಡಿ ಹಿಡಿದದ್ದೇ. ಜೇಡ್ ಗಿಡಕ್ಕೆ ಗೊಬ್ಬರದ ಪಾಲು ತೀರಾ ಕಡಿಮೆ. ಮಂಗಳೂರಿನ ಮಳೆಗೆ ಇದು ಜಾಸ್ತಿ ತೇವ ಆಗಬಹುದು, ರಾಯಚೂರಿನ ಏಪ್ರಿಲ್‌ಗೆ ಸಾಲದೇ ಹೋಗಬಹುದು, ಅಲ್ಲಿ ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸ್ವಲ್ಪ ಸೇರಿಸಿ ನೋಡಿ. ನಿಮ್ಮ ತಾರಸಿ ಬಿಸಿಲು ನಾನು ನೋಡಿಲ್ಲ, ಒಂದು ಗಿಡಕ್ಕೆ ಮಾಡಿ ನೋಡಿ ಆಮೇಲೆ ಉಳಿದದ್ದಕ್ಕೆ ಕೈ ಹಾಕಿ. ಇದರಲ್ಲಿ ಸತ್ವ ಎಲ್ಲಿದೆ ಅಂತ ಕೇಳಬೇಡಿ. ಹೆಚ್ಚೇನೂ ಇಲ್ಲ. ಸತ್ವ ನೀವು ಆಗಾಗ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು.

ಅಕಡಾಮ ತರಿಸಲಾ ಅಂತ ಕೇಳುವವರೂ ಇದ್ದಾರೆ. ಜಪಾನಿನ ಭಾಷೆಯಲ್ಲಿ ಅಕಾ ಅಂದರೆ ಕೆಂಪು, ತಮಾ ಅಂದರೆ ಉಂಡೆ. ಜ್ವಾಲಾಮುಖಿಯ ಬೂದಿಯಿಂದಾದ ಕೆಂಪು ಮಣ್ಣಿನ ಉಂಡೆ ಅದು, ತುಂಬಾ ಒಳ್ಳೆಯದು, ದುಡ್ಡಿದ್ದರೆ ತರಿಸಿ. ಆದರೆ ಅದೂ ವರ್ಷ ಕಳೆದ ಹಾಗೆ ಪುಡಿಯಾಗುತ್ತದೆ, ಆಗ ಮತ್ತೆ ಜರಡಿ! ನಮ್ಮ ಇಟ್ಟಿಗೆಗೆ ಏನಾಗಿದೆ? ಚೆನ್ನಾಗಿ ಬೆಂದಿರಬೇಕು, ಸಿಮೆಂಟು ಅಂಟಿರಬಾರದು. ನಾಲ್ಕು ಚೂರು ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಬೆರಳಲ್ಲಿ ಹಿಸುಕಿದರೆ ಕರಗಿತಾ, ಬಿಟ್ಟುಬಿಡಿ.

ಮೇಷ್ಟ್ರ ಬಸರಿಯ ಕೊಳೆತ ಬೇರು ಕತ್ತರಿಸಿ, ಬರೀ ಚೂರಿನಲ್ಲಿ ನೆಟ್ಟು ನೆರಳಲ್ಲಿ ಇಟ್ಟಿದ್ದೇನೆ. ಮೊನ್ನೆ ಎರಡು ಚಿಗುರು ಕಂಡಿತು, ಉಳಿಯಿತು ಅನ್ನೋಕೆ ಇನ್ನೂ ಧೈರ್ಯ ಇಲ್ಲ. ಅವರ ಮನೆಯಲ್ಲಿ ಮಿಕ್ಕಿದ್ದ ಆ ಪುಡಿ ಇದೆಯಲ್ಲ, ಅದನ್ನ ಕರಿಬೇವಿನ ಬುಡಕ್ಕೆ ಹಾಕೋಕೆ ಹೇಳಿದೆ. ನೆಲದಲ್ಲಿರೋ ಗಿಡ, ತಡೆದುಕೊಳ್ಳುತ್ತೆ.