ಮೀನಿಗೆ ಅರಿಶಿನ ಎಷ್ಟು ಹಾಕಬೇಕು?

ಪ್ರಶ್ನೆ: ನಮ್ಮ ಗೋಲ್ಡ್‌ಫಿಶ್ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಎದ್ದಿವೆ. ಅಂಗಡಿ ಔಷಧಿ ಹಾಕಲು ಭಯ. ಮನೆಯಲ್ಲೇ ಇರುವ ಅರಿಶಿನ, ಬೇವಿನ ಸೊಪ್ಪು ಹಾಕಬಹುದಾ? ಹಾಕಿದರೆ ಎಷ್ಟು ಹಾಕಬೇಕು? – ಮಾಲೂರಿನ ಓದುಗರು

ಚಳಿ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಮಾಲೂರಿನಿಂದ ಬರದಿದ್ದರೆ ಮುಳಬಾಗಿಲಿನಿಂದ, ಅಲ್ಲಿಂದಲೂ ಬರದಿದ್ದರೆ ಕೆಜಿಎಫ್‌ನಿಂದ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅರಿಶಿನ ಚಿಟಿಕೆಯಷ್ಟೂ ಬೇಡ. ಬೇವಂತೂ ಬೇಡವೇ ಬೇಡ. ಉಪ್ಪು ಹಾಕಿ.

"ಪಕ್ಕದ ಮನೆಯವರು ಅರಿಶಿನ ಹಾಕಿದರು, ನಾಲ್ಕೇ ದಿನಕ್ಕೆ ಚುಕ್ಕೆ ಹೋಯ್ತಲ್ಲ ಸಾರ್" ಅಂತ ಈಗ ಒಬ್ಬರು ಕೇಳುತ್ತಾರೆ. ಹೋಗಿದ್ದು ನಿಜ. ಹಾಕದಿದ್ದರೂ ಹೋಗುತ್ತಿತ್ತು.

ಬಿಳಿ ಚುಕ್ಕೆ ರೋಗ ತರುವುದು ಇಕ್ತಿಯೋಫ್ತಿರಿಯಸ್ ಎಂಬ ಒಂದೇ ಕೋಶದ ಜೀವಿ. ಮೀನು ಸಾಕುವವರು ಚಿಕ್ಕದಾಗಿ 'ಇಕ್' ಅನ್ನುತ್ತಾರೆ. ನಿಮಗೆ ಕಾಣುವ ಒಂದೊಂದು ಚುಕ್ಕೆಯಲ್ಲೂ ಈ ಜೀವಿ ಚರ್ಮದ ಒಳಗೆ ಕೂತು ಮೀನನ್ನು ತಿನ್ನುತ್ತಿರುತ್ತದೆ. ಮೇಲೆ ಮೀನಿನ ಚರ್ಮವೇ ಮುಚ್ಚಿಕೊಂಡಿರುವುದರಿಂದ ನೀರಿಗೆ ಹಾಕಿದ ಔಷಧಿ ಅದಕ್ಕೆ ತಗಲುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಅದು ತಾನಾಗಿಯೇ ಮೀನನ್ನು ಬಿಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಚುಕ್ಕೆ ಮಾಯ! ಮನೆಯವರಿಗೆಲ್ಲ ಖುಷಿ. ಅತ್ತ ತಳದ ಕಲ್ಲುಗಳ ನಡುವೆ ಅದು ಸುತ್ತ ಕವಚ ಕಟ್ಟಿಕೊಂಡು, ಒಡೆದು ಒಡೆದು ನೂರಾರು ಮರಿಗಳಾಗುತ್ತದೆ. ಆ ಮರಿಗಳು ಹೊರಗೆ ಬಂದು ಈಜುತ್ತಾ ಒಂದೆರಡು ದಿನದೊಳಗೆ ಮೀನು ಹಿಡಿಯಬೇಕು, ಇಲ್ಲದಿದ್ದರೆ ಸಾಯುತ್ತವೆ. ಉಪ್ಪಾಗಲಿ ಔಷಧಿಯಾಗಲಿ ಕೆಲಸ ಮಾಡುವುದು ಅವು ಈಜುವ ಆ ಹೊತ್ತಿನಲ್ಲಿ ಮಾತ್ರ.

ನೀರು 25 ಡಿಗ್ರಿ ಇದ್ದರೆ ಈ ಸುತ್ತು ಸುಮಾರು ಒಂದು ವಾರದಲ್ಲಿ ಮುಗಿಯುತ್ತದೆ. ಡಿಸೆಂಬರ್ ಚಳಿಯಲ್ಲಿ, ಹೀಟರ್ ಇಲ್ಲದ ಟ್ಯಾಂಕಿನಲ್ಲಿ, ಅದು ಎರಡು ವಾರಕ್ಕೂ ಎಳೆಯಬಹುದು. ಅರಿಶಿನ ಹಾಕಿದವರ ಮನೆಯಲ್ಲಿ ಎರಡನೇ ಸಲ ಚುಕ್ಕೆ ಏಳುವುದು ಆಗಲೇ, ಅದೂ ಮೊದಲಿಗಿಂತ ಎಷ್ಟೋ ಜಾಸ್ತಿ. ಆಗ ಯಾರೂ ಅರಿಶಿನವನ್ನು ಬೈಯುವುದಿಲ್ಲ. ಮೀನಿಗೆ ದೃಷ್ಟಿ ತಗುಲಿತು ಅನ್ನುತ್ತಾರೆ.

"ಆದರೂ ಅರಿಶಿನ ಕ್ರಿಮಿ ಕೊಲ್ಲುತ್ತೆ ಅಲ್ವಾ?" ಅರಿಶಿನದ ಮುಖ್ಯ ಸತ್ವ ಕರ್ಕ್ಯುಮಿನ್. ಅದು ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಕರಗಿದ ಅಷ್ಟಿಷ್ಟೂ ಕ್ಷಾರ ಇರುವ ನೀರಿನಲ್ಲಿ ಬೇಗ ಒಡೆದುಹೋಗುತ್ತದೆ. ನಮ್ಮ ಕೋಲಾರ ಜಿಲ್ಲೆಯ ಬೋರ್ ನೀರಿನಲ್ಲಿ ಕ್ಷಾರಕ್ಕೆ ಬರವೇ? ಉಳಿದ ಪುಡಿ ಕಿವಿರಿಗೆ ಅಂಟುತ್ತದೆ, ಕಲ್ಲಿನಡಿ ಕೂತು ಕೊಳೆಯುತ್ತದೆ. ಟ್ಯಾಂಕಿನ ಮೂಲೆಯಲ್ಲಿ ಗಾಜು ಅಂಟಿಸಿದ ಸಿಲಿಕೋನ್ ಹಳದಿಯಾಗಿ ಹಾಗೇ ಉಳಿಯುತ್ತದೆ. ಇನ್ನೊಂದು ಮಾತು: ಅರಿಶಿನ ಹಾಕುವ ದಿನ ಎಲ್ಲರೂ ಅರ್ಧ ನೀರು ಬದಲಾಯಿಸಿರುತ್ತಾರೆ. ಮೀನು ಚುರುಕಾಗುವುದು ಆ ಹೊಸ ನೀರಿಗೆ. ಹೊಂಡದಲ್ಲಿ ಮೀನು ಸಾಕುವವರು ಅರಿಶಿನ ಹಾಕುವುದುಂಟು, ಒಪ್ಪುತ್ತೇನೆ. ಆದರೆ ಅದರ ಜೊತೆ ಎಷ್ಟೋ ಪಟ್ಟು ಜಾಸ್ತಿ ಸುಣ್ಣ ಹಾಕುತ್ತಾರೆ. ಸುಣ್ಣವನ್ನು ಬಿಟ್ಟು ಅರಿಶಿನವನ್ನು ಮಾತ್ರ ನೆನಪಿಟ್ಟುಕೊಂಡವರು ನಾವು.

ಬೇವಿನ ವಿಷಯ ಬೇಗ ಮುಗಿಸುತ್ತೇನೆ. ಬೇವಿನ ಎಣ್ಣೆ, ಕಷಾಯ ಮೀನಿಗೆ ವಿಷ. ಸೊಪ್ಪು ಹಾಕಿದರೆ ಅದು ಕೊಳೆತು ನೀರಿನಲ್ಲಿರುವ ಆಮ್ಲಜನಕ ತಿನ್ನುತ್ತದೆ. ಗಿಡಮೂಲಿಕೆಯಿಂದ ತೊಂದರೆ ಏನಾಗುತ್ತೆ ಅನ್ನುವವರು ಊರಿನ ಹಿರಿಯರನ್ನು ಕೇಳಲಿ. ಕಾರೆಕಾಯಿ ಜಜ್ಜಿ ನೀರಿಗೆ ಹಾಕಿ, ಮೀನು ಅಮಲೇರಿ ತೇಲಿದಾಗ ಹಿಡಿಯುತ್ತಿದ್ದ ಕಥೆ ಹೇಳುತ್ತಾರೆ. ಕಾರೆಕಾಯಿಯೂ ಗಿಡದಲ್ಲೇ ಬಿಡುವುದು.

ಈಗ ಉಪ್ಪು. ಲೀಟರಿಗೆ 2 ಗ್ರಾಂ, ಅಂದರೆ 40 ಲೀಟರಿನ ಟ್ಯಾಂಕಿಗೆ 80 ಗ್ರಾಂ. ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದೇ ಸಲ ಸುರಿಯದೆ ಎರಡು ದಿನದಲ್ಲಿ ಮೂರು ಕಂತಾಗಿ ಹಾಕಿ. ಕಲ್ಲುಪ್ಪು ಒಳ್ಳೆಯದು. ಪುಡಿ ಉಪ್ಪಿನ ಅಯೋಡಿನ್ ಮೀನು ಕೊಲ್ಲುತ್ತದೆ ಅನ್ನುವುದೂ ಸುಮ್ನೆ ಮಾತು, ಅದರ ಪ್ರಮಾಣ ತೀರಾ ಕಡಿಮೆ. ಹೀಟರ್ ಇದ್ದರೆ ದಿನಕ್ಕೆ ಒಂದೆರಡು ಡಿಗ್ರಿಯಂತೆ 28ಕ್ಕೆ ಏರಿಸಿ, ಏರ್ ಪಂಪ್ ನಿಲ್ಲಿಸಬೇಡಿ. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಉಪ್ಪು ಇರಲಿ. ನೀರು ಬದಲಾಯಿಸಿದರೆ ಎಷ್ಟು ತೆಗೆದಿರೋ ಅಷ್ಟು ನೀರಿನ ಲೆಕ್ಕಕ್ಕೆ ಮಾತ್ರ ಮತ್ತೆ ಉಪ್ಪು. ಆವಿಯಾಗಿ ಕಡಿಮೆಯಾದ ನೀರಿಗೆ ಬೇಡ, ಉಪ್ಪು ಆವಿಯಾಗುವುದಿಲ್ಲ. ಟ್ಯಾಂಕಿನಲ್ಲಿ ಗಿಡ ಇದ್ದರೆ, ಉಪ್ಪು ಗಿಡಕ್ಕೆ ಆಗದು ಅಂತ ಮೀನನ್ನು ಬೇರೆ ಡಬ್ಬಿಗೆ ಹಾಕಬೇಡಿ, ಗಿಡ ತೆಗೆದಿಡಿ. ರೋಗ ಟ್ಯಾಂಕಿನ ತಳದಲ್ಲೇ ಇದೆಯಲ್ಲ. ಇಷ್ಟಕ್ಕೂ ಬಗ್ಗದಿದ್ದರೆ ಅಂಗಡಿಯ ಹಸಿರು ದ್ರಾವಣ, ಮ್ಯಾಲಕೈಟ್ ಗ್ರೀನ್. ನಿಮ್ಮ ಭಯದಲ್ಲಿ ಅರ್ಥವಿದೆ, ತಿನ್ನುವ ಮೀನಿಗೆ ಅದನ್ನು ಹಾಕುವ ಹಾಗಿಲ್ಲ. ಸಾಕುವ ಮೀನಿಗೆ ಬಾಟಲಿ ಮೇಲಿನ ಅಳತೆ ಮೀರದೆ ಹಾಕಬಹುದು.

ಹಾಗಂತ ಗಿಡಮೂಲಿಕೆ ಎಲ್ಲವೂ ದಂಡ ಅಲ್ಲ. ಊಟ ಬಿಟ್ಟ ಮೀನಿಗೆ ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಮೀನಿನ ಆಹಾರದ ಕಾಳು ಕೊಟ್ಟರೆ ತಿನ್ನುವುದುಂಟು. ಕಾಡು ಬಾದಾಮಿಯ ಒಣಗಿದ ಎಲೆಯನ್ನು ಬೆಟ್ಟಾ ಎಂಬ ಕಾದಾಡುವ ಮೀನು ಸಾಕುವವರು ಹಾಕುತ್ತಾರೆ. ಅದರಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಶಿಲೀಂಧ್ರಕ್ಕೆ ಸ್ವಲ್ಪ ತಡೆ. ಆದರೆ ಎಲೆ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಇಳಿಸುತ್ತದೆ ಅನ್ನುವುದು ಖನಿಜ ಕಡಿಮೆ ಇರುವ ಮೆದು ನೀರಿನ ಮಾತು. ನಮ್ಮ ಗಡಸು ನೀರಿನಲ್ಲಿ ಎಲೆ ಹಾಕಿದರೆ ನೀರು ಟೀ ಬಣ್ಣಕ್ಕೆ ತಿರುಗುತ್ತದೆ, ಪಿಎಚ್ ಇದ್ದಲ್ಲೇ ಇರುತ್ತದೆ.

ಗಡಸು ನೀರು ಅಂದ ಕೂಡಲೇ ನೆನಪಾಯಿತು. ಯಾರೂ ಕೇಳಿಲ್ಲ, ಆದರೂ ಹೇಳಬೇಕು. ಮೀನು ಸಪ್ಪಗಾಯಿತು ಅಂತ ಶುದ್ಧ ನೀರಿನ ಘಟಕಕ್ಕೆ ಓಡಿ, ಕಾಯಿನ್ ಹಾಕಿ ಕ್ಯಾನ್ ತುಂಬಿಸಿ ತಂದು ಟ್ಯಾಂಕಿಗೆ ಸುರಿಯುವವರಿದ್ದಾರೆ. ಫಿಲ್ಟರ್ ಮಾಡುವಾಗ ಫ್ಲೋರೈಡ್ ಜೊತೆ ಬೇಕಾದ ಖನಿಜವೂ ಹೋಗಿರುತ್ತದೆ. ಮೀನಿನ ಕೊಳೆ ಒಡೆಯುವಾಗ ಆಮ್ಲ ಹುಟ್ಟುತ್ತದೆ. ಅದನ್ನು ತಡೆಯುವ ಕಾರ್ಬೊನೇಟ್ ನೀರಿನಲ್ಲಿ ಇಲ್ಲದಿದ್ದರೆ ಪಿಎಚ್ ಕುಸಿಯುತ್ತದೆ. ಗೋಲ್ಡ್‌ಫಿಶ್, ಗಪ್ಪಿ, ಮೋಲಿ ಇವಕ್ಕೆಲ್ಲ ಗಡಸು ನೀರೇ ಹಿತ. ನಿಮ್ಮ ಬೋರ್ ನೀರನ್ನೇ ಬಕೆಟ್ಟಿನಲ್ಲಿ ಹಿಡಿದು, ರಾತ್ರಿಯಿಡೀ ಏರ್ ಪಂಪ್ ಹಾಕಿ ಬಿಡಿ. ನೆಲದಡಿಯಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ, ಅಷ್ಟಕ್ಕೆ ಸರಿಹೋಗುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದಿಡಿ. ಕ್ಯಾನ್ ನೀರು ಬೇಕಾಗುವುದು ಡಿಸ್ಕಸ್‌ನಂಥ ಮೆದು ನೀರಿನ ಮೀನಿಗೆ, ಅದಕ್ಕೂ ಬೋರ್ ನೀರು ಬೆರೆಸಿಯೇ ಹಾಕಬೇಕು.