ಡೀಸೆಲ್ ಗ್ಯಾರೇಜಿನ ಸುಟ್ಟ ಆಯಿಲ್ ಮತ್ತು ಅಪಾಯಕಾರಿ ತ್ಯಾಜ್ಯ: ಅಧ್ಯಯನ ಟಿಪ್ಪಣಿ

ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜುಗಳಲ್ಲಿ ಚೇಂಬರಿನಿಂದ (ಎಣ್ಣೆ ನಿಲ್ಲುವ ತಳದ ತೊಟ್ಟಿಯಿಂದ) ಇಳಿಸಿದ ಕಪ್ಪು ಎಣ್ಣೆಗೆಲ್ಲ ‘ಸುಟ್ಟ ಆಯಿಲ್’ ಎಂಬ ಒಂದೇ ಹೆಸರು. ಅದು ಲಾರಿ ಎಂಜಿನ್ನಿನದಾಗಲಿ, ಗೇರ್‌ಬಾಕ್ಸಿನದಾಗಲಿ, ಟ್ರ್ಯಾಕ್ಟರಿನ ಹೈಡ್ರಾಲಿಕ್ಕಿನದಾಗಲಿ, ಹೆಸರು ಬದಲಾಗುವುದಿಲ್ಲ. ಕಾನೂನು ಮಾತ್ರ ಇಲ್ಲಿ ಎರಡು ಹೆಸರುಗಳನ್ನು ಬಳಸುತ್ತದೆ, ಮತ್ತು ನಮ್ಮ ಡೀಸೆಲ್ ಮೆಕ್ಯಾನಿಕ್ ಟ್ರೇಡಿನ ಅಭ್ಯಾಸಿಗಳು ಹೆಚ್ಚಾಗಿ ಗೊಂದಲಕ್ಕೆ ಬೀಳುವುದು ಇಲ್ಲಿಯೇ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಹೊರಬಂದ 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳು ‘ಬಳಸಿದ ಎಣ್ಣೆ’ಯನ್ನೂ ‘ತ್ಯಾಜ್ಯ ಎಣ್ಣೆ’ಯನ್ನೂ ಬೇರೆ ಬೇರೆಯಾಗಿ ವಿವರಿಸುತ್ತವೆ. ಎಂಜಿನ್, ಗೇರ್, ಹೈಡ್ರಾಲಿಕ್, ಕಂಪ್ರೆಸರ್, ಟ್ರಾನ್ಸ್‌ಫಾರ್ಮರ್ ಮುಂತಾದವುಗಳಲ್ಲಿ ಕೆಲಸ ಮಾಡಿ ಹೊರಬಂದು, ಮರುಶುದ್ಧೀಕರಣಕ್ಕೆ ಇನ್ನೂ ಯೋಗ್ಯವಾಗಿರುವುದು ಬಳಸಿದ ಎಣ್ಣೆ. ಸೋರಿಹೋದ ಕಚ್ಚಾ ತೈಲ, ನೀರಿನೊಡನೆ ಕಲಸಿಹೋದ ಎಣ್ಣೆ, ತೈಲಾಗಾರದ ಟ್ಯಾಂಕುಗಳ ತಳದ ರಾಡಿ ಮೊದಲಾದವು ತ್ಯಾಜ್ಯ ಎಣ್ಣೆ. ಇವಕ್ಕೆ ನಿಗದಿತ ಗುಣಮಟ್ಟವಿದ್ದರೆ ಕುಲುಮೆಯಲ್ಲಿ ಉರುವಲಾಗುವ ಅವಕಾಶವಷ್ಟೇ ಉಂಟು. ಗದಗ ಜಿಲ್ಲೆಯ ಗಾಳಿಯಂತ್ರದ ಗೇರ್‌ಬಾಕ್ಸಿನಿಂದ ಇಳಿಸಿದ ಎಣ್ಣೆಯೂ ಹಾವೇರಿಯ ರೈತರ ಟ್ರ್ಯಾಕ್ಟರಿನಿಂದ ಇಳಿಸಿದ ಎಣ್ಣೆಯೂ ಮೊದಲನೆಯ ಗುಂಪಿಗೇ ಸೇರುತ್ತವೆ.

ಯೋಗ್ಯತೆಯನ್ನು ಅಳೆಯುವ ಮಿತಿಗಳು ಅದೇ ನಿಯಮಗಳ ಐದನೆಯ ಅನುಸೂಚಿಯ ‘ಎ’ ಭಾಗದಲ್ಲಿವೆ. ಸೀಸ 100 ಪಿಪಿಎಂ, ಆರ್ಸೆನಿಕ್ 5 ಪಿಪಿಎಂ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕೆಲ್ ಮೂರೂ ಸೇರಿ 500 ಪಿಪಿಎಂ, ಪಾಲಿಅರೋಮ್ಯಾಟಿಕ್ ಹೈಡ್ರೋಕಾರ್ಬನ್ನುಗಳು (ಕ್ಯಾನ್ಸರ್ ತರಬಲ್ಲ ಇಂಗಾಲದ ಸಂಯುಕ್ತಗಳು) ಶೇ. 6, ಪಿಸಿಬಿ (ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಗಳಲ್ಲಿದ್ದ ಕ್ಲೋರಿನ್ ಸಂಯುಕ್ತ) 2 ಪಿಪಿಎಂಗಿಂತ ಕಡಿಮೆ. ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು ಎಂಬುದನ್ನು ನೆನಪಿಟ್ಟರೆ, ಇವು ಎಷ್ಟು ಸಣ್ಣ ಪ್ರಮಾಣಗಳೆಂಬುದು ತಿಳಿಯುತ್ತದೆ.

ಎಣ್ಣೆ ಸುಟ್ಟಿರುವುದಿಲ್ಲ

‘ಸುಟ್ಟ ಆಯಿಲ್’ ಎಂಬ ಹೆಸರೇ ನಮ್ಮನ್ನು ತಪ್ಪುದಾರಿಗೆ ಎಳೆಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಕಪ್ಪಾಗುವುದು ಮುಖ್ಯವಾಗಿ ದಹನದಿಂದ ಬರುವ ಮಸಿಯ ಕಣಗಳಿಂದ. ಆ ಕಣಗಳು ಗುಂಪುಗೂಡಿ ತಳಕ್ಕಿಳಿಯದಂತೆ ತೇಲಿಸಿ ಹಿಡಿಯುವ ರಾಸಾಯನಿಕವನ್ನು ಆಯಿಲಿನೊಳಗೇ ಬೆರೆಸಿರುತ್ತಾರೆ. ಹಾಗಾಗಿ ಬೇಗ ಕಪ್ಪಾದ ಆಯಿಲ್ ಕೆಟ್ಟಿದೆ ಎನ್ನುವುದಕ್ಕಿಂತ ತನ್ನ ಕೆಲಸ ಮಾಡುತ್ತಿದೆ ಎನ್ನುವುದೇ ಹೆಚ್ಚು ಸರಿ. ಬೇರಿಂಗ್‌ನಿಂದ ಸವೆದ ಸೀಸ, ತವರ, ತಾಮ್ರ, ಲೈನರ್ ಮತ್ತು ರಿಂಗುಗಳಿಂದ ಸವೆದ ಕಬ್ಬಿಣ, ಪಿಸ್ಟನ್ನಿನ ಅಲ್ಯೂಮಿನಿಯಂ, ಸವೆತ ತಡೆಯಲು ಸೇರಿಸಿದ ಸತು, ಸುಡದೆ ಉಳಿದ ಡೀಸೆಲ್, ಇಂಧನದ ಗಂಧಕದಿಂದ ಹುಟ್ಟಿದ ಆಮ್ಲ, ಇವೆಲ್ಲವೂ ಕಾಲಕ್ರಮದಲ್ಲಿ ಅದರೊಳಗೆ ಸೇರುತ್ತವೆ. 2020ರ ಏಪ್ರಿಲ್ 1ರಿಂದ ಬಿಎಸ್-6 (ಭಾರತ್ ಸ್ಟೇಜ್ ಎಂಬ ವಾಹನ ಹೊಗೆಯ ಮಾನದಂಡದ ಆರನೆಯ ಹಂತ) ಡೀಸೆಲ್ಲಿನಲ್ಲಿ ಗಂಧಕದ ಮಿತಿ 50ರಿಂದ 10 ಪಿಪಿಎಂಗೆ ಇಳಿದ ಮೇಲೆ ಆಮ್ಲದ ಕಾಟ ಕಡಿಮೆಯಾಗಿದೆ. ಲೋಹ ಮತ್ತು ಮಸಿ ಮಾತ್ರ ಹಾಗೆಯೇ ಉಳಿದಿವೆ.

ಇಷ್ಟೆಲ್ಲ ಸೇರಿದರೂ ಮೂಲ ಎಣ್ಣೆಯ ಬಹುಪಾಲು ಕೆಟ್ಟಿರುವುದಿಲ್ಲ. ಮರುಶುದ್ಧೀಕರಣ ಘಟಕದಲ್ಲಿ ಮೊದಲು ಕಾಯಿಸಿ ನೀರನ್ನೂ ಹಗುರ ಇಂಧನವನ್ನೂ ಹಾರಿಸುತ್ತಾರೆ, ಆಮೇಲೆ ನಿರ್ವಾತದಲ್ಲಿ ಬಟ್ಟಿ ಇಳಿಸಿ ಮಸಿ ಮತ್ತು ಲೋಹವನ್ನು ತಳದಲ್ಲಿ ಉಳಿಸುತ್ತಾರೆ, ಕೊನೆಗೆ ಜೇಡಿ ಅಥವಾ ಜಲಜನಕದಿಂದ ಬಣ್ಣ, ವಾಸನೆಗಳನ್ನು ತೆಗೆಯುತ್ತಾರೆ. ಹೊರಬರುವುದು ಮತ್ತೆ ಆಯಿಲ್ ತಯಾರಿಕೆಗೆ ಒದಗುವ ಮೂಲ ಎಣ್ಣೆ. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಕರೂ ಆಮದುದಾರರೂ ಬಳಸಿದ ಎಣ್ಣೆಯ ಒಂದು ಪಾಲು ಮರುಬಳಕೆಯಾಗುವಂತೆ ನೋಡಿಕೊಳ್ಳುವ ಹೊಣೆ ಹೊರಬೇಕಾಗಿರುವುದು ಈ ಕಾರಣಕ್ಕಾಗಿಯೇ. ಆದ್ದರಿಂದ ಗ್ಯಾರೇಜಿನ ಬ್ಯಾರಲ್ಲನ್ನು ಕಸದ ಡಬ್ಬಿಯೆಂದು ನೋಡದೆ, ಮಾಲು ತುಂಬಿಟ್ಟ ಪಾತ್ರೆಯೆಂದು ನೋಡುವುದನ್ನು ನಾವು ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕೂಡಿಸಿದರೆ ಕೆಟ್ಟಿತು

ಈ ಟಿಪ್ಪಣಿಯಲ್ಲಿ ಒಂದೇ ಒಂದು ಅಂಶವನ್ನು ಗಟ್ಟಿ ಮಾಡಿಕೊಳ್ಳುವುದಿದ್ದರೆ ಅದು ಬೇರ್ಪಡಿಕೆ. ಆಯಿಲಿನ ಬ್ಯಾರಲ್ಲಿಗೆ ಕೂಲಂಟ್, ಬ್ರೇಕ್ ಫ್ಲೂಯಿಡ್, ಥಿನ್ನರ್, ಪೆಟ್ರೋಲ್, ಭಾಗಗಳನ್ನು ತೊಳೆದ ಸೀಮೆಎಣ್ಣೆ, ಬಿಎಸ್-6 ಗಾಡಿಗಳ ಹೊಗೆ ಶುದ್ಧಗೊಳಿಸುವ ಯೂರಿಯಾ ದ್ರಾವಣ, ಇವುಗಳಲ್ಲಿ ಯಾವುದೂ ಬೀಳಬಾರದು. ಪೆಟ್ರೋಲ್ ಮತ್ತು ಥಿನ್ನರ್ ಬಿದ್ದರೆ ಬ್ಯಾರಲ್ಲು ಸುಲಭವಾಗಿ ಹೊತ್ತಿಕೊಳ್ಳುವಂಥದ್ದಾಗುತ್ತದೆ. ಶೇ. 32.5ರಷ್ಟು ಯೂರಿಯಾ ಇರುವ ದ್ರಾವಣದ ಉಳಿದ ಭಾಗವೆಲ್ಲ ನೀರೇ. ಕೂಲಂಟಿನ ಗ್ಲೈಕಾಲ್ ಮತ್ತು ನೀರು ಆಯಿಲಿನೊಡನೆ ಕಲೆತು ಮಜ್ಜಿಗೆಯಂತಾದರೆ ಅದನ್ನು ಬೇರ್ಪಡಿಸುವುದು ಘಟಕದವರಿಗೂ ಕಷ್ಟ.

ನಾನು ತರಬೇತಿಗೆ ಸೇರಿದ್ದ ಗ್ಯಾರೇಜಿನಲ್ಲಿ ಇದು ಕಣ್ಣೆದುರಿಗೇ ನಡೆಯಿತು. ಒಂದು ಲಾರಿಯ ರೇಡಿಯೇಟರ್ ಬಿಚ್ಚುವಾಗ ಇಳಿಸಿದ ಹಸಿರು ಕೂಲಂಟಿನ ಬಕೆಟ್ ದಾರಿಗೆ ಅಡ್ಡವಿತ್ತೆಂದು ನಾನೇ ಅದನ್ನು ಹತ್ತಿರವಿದ್ದ ಬ್ಯಾರಲ್ಲಿಗೆ ಸುರಿದೆ. ಎರಡು ವಾರದ ಬಳಿಕ ಎಣ್ಣೆ ಒಯ್ಯಲು ಬಂದವರು ಉದ್ದನೆಯ ಸರಳಿನ ತುದಿಗೆ ನೀರು ಪತ್ತೆಹಚ್ಚುವ ಪೇಸ್ಟ್ ಸವರಿ ಬ್ಯಾರಲ್ಲಿನ ತಳಕ್ಕೆ ಇಳಿಸಿ ಎತ್ತಿದರು. ತುದಿಯ ನಾಲ್ಕು ಬೆರಳಿನಷ್ಟು ಪೇಸ್ಟ್ ಬಣ್ಣ ಬದಲಿಸಿತ್ತು. “ಇದರಾಗ ನೀರ ಐತ್ರಿ ಮಾಲಕರ, ನಮಗ ಬರೂದಿಲ್ಲ” ಎಂದು ಹೇಳಿ ಆ ಬ್ಯಾರಲ್ಲನ್ನು ಬಿಟ್ಟು ಹೋದರು. ಸುಮಾರು 10 ಲೀಟರ್ ಕೂಲಂಟಿನಿಂದ 200 ಲೀಟರಿನಷ್ಟು ಒಳ್ಳೆಯ ಎಣ್ಣೆ ಹಾಳಾಯಿತು, ಮತ್ತು ಮಾಲೀಕರು ಅದನ್ನು ವಿಲೇವಾರಿ ಮಾಡಲು ಕೈಯಿಂದ ಹಣ ಕೊಡಬೇಕಾಯಿತು. ಅವರು ನನಗೆ ಬೈಯಲಿಲ್ಲ. ಮರುದಿನ ಪ್ರತಿ ಪಾತ್ರೆಯ ಮೇಲೂ ಕನ್ನಡದಲ್ಲಿ ದೊಡ್ಡದಾಗಿ ಹೆಸರು ಬರೆಯುವ ಕೆಲಸವನ್ನು ನನಗೇ ಒಪ್ಪಿಸಿದರು.

ಪೇಸ್ಟ್ ಇಲ್ಲದಿದ್ದರೂ ನೀರನ್ನು ಪರೀಕ್ಷಿಸಬಹುದು. ಸುಮಾರು 150 ಡಿಗ್ರಿ ಸೆಲ್ಸಿಯಸ್ ಕಾದ ಲೋಹದ ತಟ್ಟೆಯ ಮೇಲೆ ಒಂದೇ ಹನಿ ಆಯಿಲ್ ಬಿಡಬೇಕು. ನೀರಿಲ್ಲದಿದ್ದರೆ ಹನಿ ಸುಮ್ಮನೆ ಹರಡಿ ತೆಳುವಾಗುತ್ತದೆ. ಸಾವಿರದಲ್ಲಿ ಒಂದು ಪಾಲಿನಷ್ಟು ನೀರಿದ್ದರೂ ಒಗ್ಗರಣೆಯ ಸಾಸಿವೆಯಂತೆ ಚಟಪಟ ಸದ್ದು ಮಾಡಿ ಗುಳ್ಳೆ ಏಳುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ಬ್ಯಾರಲ್ಲುಗಳಿಂದ ದೂರ ನಿಂತು, ಥಿನ್ನರ್ ಅಥವಾ ಪೆಟ್ರೋಲ್ ಸೇರಿರುವ ಅನುಮಾನವಿರುವ ಆಯಿಲನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಇದನ್ನು ಮಾಡಬೇಕು.

ಎರಿ ಮಣ್ಣಿನ ಮೇಲೆ ಬ್ಯಾರಲ್ಲು ಇಡುವುದು

ನಮ್ಮ ಭಾಗದ ಎರಿ (ಕಪ್ಪು ಮಣ್ಣಿನ) ಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಈ ಗುಣ ರೈತನಿಗೆ ತಿಳಿದದ್ದೇ. ಗ್ಯಾರೇಜಿನವರು ಇದನ್ನು ಬೇರೆ ಕಾರಣಕ್ಕೆ ತಿಳಿಯಬೇಕು. ಏಪ್ರಿಲ್‌ನಲ್ಲಿ ಬರಿ ನೆಲದ ಮೇಲೆ ಚೆಲ್ಲಿದ ಆಯಿಲ್ ಆ ಬಿರುಕುಗಳ ಮೂಲಕ ನೇರವಾಗಿ ಆಳಕ್ಕೆ ಇಳಿಯುತ್ತದೆ. ಜುಲೈನಲ್ಲಿ ಚೆಲ್ಲಿದ್ದು ಒಳಗೆ ಇಂಗದೆ ಮಳೆನೀರಿನ ಮೇಲೆ ಬಣ್ಣಬಣ್ಣದ ಪದರವಾಗಿ ಗಟಾರು ಸೇರುತ್ತದೆ, ಮತ್ತು ಹುಬ್ಬಳ್ಳಿಯಲ್ಲಿ ಊರ ನಡುವೆಯೇ ಹರಿಯುವ ಉಣಕಲ್ ನಾಲೆಯಂಥ ಹರಿವುಗಳಿಗೆ ಗಟಾರಿನಿಂದ ಬಹಳ ದೂರವೇನೂ ಇಲ್ಲ. ಒಂದು ಪಾಲು ಬಳಸಿದ ಎಣ್ಣೆ ಹತ್ತು ಲಕ್ಷ ಪಾಲು ನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಆದುದರಿಂದ ಬ್ಯಾರಲ್ಲು ಇಡುವ ಜಾಗಕ್ಕೆ ಕಾಂಕ್ರೀಟ್ ನೆಲ, ತಲೆಯ ಮೇಲೆ ತಗಡು, ಸುತ್ತ ಕಟ್ಟೆ ಇವು ಮೂರೂ ಬೇಕು.

ಕಟ್ಟೆಯ ಎತ್ತರದ ಲೆಕ್ಕವನ್ನು ಒಮ್ಮೆ ಮಾಡಿಯೇ ನೋಡೋಣ. ದೊಡ್ಡ ಪಾತ್ರೆಯ ಸಾಮರ್ಥ್ಯದ ಶೇ. 110ರಷ್ಟನ್ನು ಕಟ್ಟೆ ಹಿಡಿಯಬೇಕೆಂಬುದು ಒಳ್ಳೆಯ ರೂಢಿ. 210 ಲೀಟರಿನ ಬ್ಯಾರಲ್ಲಿಗೆ ಅದು 231 ಲೀಟರ್. 2 ಮೀಟರ್ ಉದ್ದ, 80 ಸೆಂಟಿಮೀಟರ್ ಅಗಲದ ಕಟ್ಟೆಯಲ್ಲಿ ಮೂರು ಬ್ಯಾರಲ್ಲುಗಳು ಸಾಲಾಗಿ ನಿಲ್ಲುತ್ತವೆ. ಎತ್ತರ 15 ಸೆಂಟಿಮೀಟರ್ ಇಟ್ಟರೆ ಒಟ್ಟು 240 ಲೀಟರ್ ಬರುವುದರಿಂದ ಸಾಕೆಂದು ತೋರುತ್ತದೆ. ಆದರೆ ಒಂದು ಸೋರಿದಾಗ ಉಳಿದೆರಡು ತಮ್ಮ ಜಾಗ ಬಿಟ್ಟುಕೊಡುವುದಿಲ್ಲ. ಬ್ಯಾರಲ್ಲಿನ ಅಡ್ಡಳತೆ ಸುಮಾರು 58 ಸೆಂಟಿಮೀಟರ್ ಆದ್ದರಿಂದ ಆ ಎರಡು ಸೇರಿ ಸುಮಾರು 79 ಲೀಟರಿನ ಜಾಗ ತಿನ್ನುತ್ತವೆ, ಕಟ್ಟೆಗೆ ಉಳಿಯುವುದು 161 ಲೀಟರ್ ಮಾತ್ರ. 25 ಸೆಂಟಿಮೀಟರ್ ಕಟ್ಟಿದರೆ 400ರಲ್ಲಿ 132 ಕಳೆದು 268 ಲೀಟರ್ ಸಿಗುತ್ತದೆ. ಇದು ಸರಿಯಾದ ಎತ್ತರ. ಪರೀಕ್ಷೆಯಲ್ಲಿ ಈ ಲೆಕ್ಕ ಬರಲಿ ಬಿಡಲಿ, ಗೌಂಡಿಗೆ ಅಳತೆ ಹೇಳುವಾಗ ಬೇಕೇ ಬೇಕಾಗುತ್ತದೆ.

ಎಷ್ಟು ದಿನ ಇಟ್ಟುಕೊಳ್ಳಬಹುದು ಎಂಬುದಕ್ಕೆ ನಿಯಮದ ಉತ್ತರ 90 ದಿನ. ವರ್ಷಕ್ಕೆ 10 ಟನ್ನಿನವರೆಗೆ ಮಾತ್ರ ತ್ಯಾಜ್ಯ ಹುಟ್ಟಿಸುವ ಸಣ್ಣ ಘಟಕಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿ ಇದನ್ನು 180 ದಿನಗಳವರೆಗೆ ವಿಸ್ತರಿಸಬಹುದು. ವಾರಕ್ಕೆ ಮೂರು ಲಾರಿ, ಒಂದೊಂದರಿಂದ 15 ಲೀಟರ್ ಎಂದು ಹಿಡಿದರೆ ಹದಿಮೂರು ವಾರಕ್ಕೆ 585 ಲೀಟರ್, ಎಂದರೆ ಮೂರು ಬ್ಯಾರಲ್ಲು ತುಂಬುವ ಮೊದಲೇ 90 ದಿನ ಮುಗಿಯುತ್ತದೆ. ಇಡೀ ವರ್ಷಕ್ಕೆ 2,340 ಲೀಟರ್, ತೂಕದಲ್ಲಿ ಸುಮಾರು 2 ಟನ್.

ಫಿಲ್ಟರ್, ಬಟ್ಟೆ, ಉಳಿದವು

ಫಿಲ್ಟರನ್ನು ಬಿಚ್ಚಿ ಮೂಲೆಗೆಸೆದರೆ ಅದರ ಹೊಟ್ಟೆಯೊಳಗಿನ ಆಯಿಲ್ ದಿನಗಟ್ಟಲೆ ತೊಟ್ಟಿಕ್ಕುತ್ತದೆ. ಎಂಜಿನ್ ಬಿಸಿಯಿರುವಾಗಲೇ ಬಿಚ್ಚಿ, ಗುಮ್ಮಟದಂಥ ತುದಿಗೆ ಮೊಳೆಯಿಂದ ತೂತು ಹೊಡೆದು, ಜಾಲರಿಯ ಮೇಲೆ ಬೋರಲಾಗಿ 12 ತಾಸು ಇಟ್ಟರೆ ಬಹುಪಾಲು ಇಳಿಯುತ್ತದೆ. ತೂತು ಹೊಡೆಯುವುದೇಕೆಂದರೆ, ಆಯಿಲ್ ಹಿಂದಕ್ಕೆ ಹರಿಯದಂತೆ ತಡೆಯುವ ರಬ್ಬರ್ ವಾಲ್ವ್ ಒಳಗಿರುತ್ತದೆ. ಗಾಳಿಗೆ ದಾರಿಯಾಗದೆ ಆಯಿಲ್ ಬಿಟ್ಟುಕೊಡುವುದಿಲ್ಲ.

ಕೈ ಒರೆಸಿದ ಬಟ್ಟೆ ಮತ್ತು ಕಾಟನ್ ವೇಸ್ಟ್ ಮೊದಲನೆಯ ಅನುಸೂಚಿಯ 33.2ನೆಯ ಬಾಬಿಗೆ ಬರುತ್ತವೆ, ಬಳಸಿದ ಎಣ್ಣೆ 5.1ಕ್ಕೆ, ಎಣ್ಣೆಯ ರಾಡಿ 5.2ಕ್ಕೆ. ಬಟ್ಟೆಗೆ ಮುಚ್ಚಳವಿರುವ ಲೋಹದ ಡಬ್ಬಿ ಬೇಕು. ಚೆಲ್ಲಿದ ಆಯಿಲಿನ ಮೇಲೆ ಹಾಕಿ ಗುಡಿಸಿದ ಕಟ್ಟಿಗೆ ಹೊಟ್ಟನ್ನೂ ಊರ ಕಸಕ್ಕೆ ಹಾಕುವಂತಿಲ್ಲ. ಚಳಿಗಾಲದ ಬೆಳಿಗ್ಗೆ ಇವನ್ನೇ ಹೊತ್ತಿಸಿ ಬೆಂಕಿ ಕಾಯಿಸುವವರಿದ್ದಾರೆ; ಆ ಹೊಗೆಯಲ್ಲಿ ಲೋಹವೂ ಕ್ಯಾನ್ಸರ್ ತರುವ ಸಂಯುಕ್ತಗಳೂ ಇರುವುದರಿಂದ ಅದನ್ನು ನಾವು ನಿಲ್ಲಿಸಲೇಬೇಕು. ಕೂಲಂಟಿಗೆ ಪ್ರತ್ಯೇಕ ಕ್ಯಾನ್ ಇರಲಿ, ಮುಚ್ಚಳ ಗಟ್ಟಿಯಾಗಿರಲಿ. ಗ್ಲೈಕಾಲ್ ರುಚಿ ಸಿಹಿಯಾದ್ದರಿಂದ ತೆರೆದ ಬಕೆಟ್ಟಿಗೆ ನಾಯಿ, ಆಡು ಬಾಯಿ ಹಾಕುತ್ತವೆ, ಅದು ಅವುಗಳ ಮೂತ್ರಪಿಂಡವನ್ನು ಕೆಡಿಸಿ ಕೊಲ್ಲುತ್ತದೆ. ಹಳೆಯ ಬ್ಯಾಟರಿ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ; ಆಮ್ಲವನ್ನು ಚೆಲ್ಲದೆ ಇಡಿಯಾಗಿ ಮಾರಾಟಗಾರರಿಗೆ ಮರಳಿಸಬೇಕು.

ಇನ್ನೊಂದು ಮಾತು ಹಳ್ಳಿಯಿಂದ ಬರುವ ಹಿರಿಯರದು. “ತಮ್ಮಾ, ಎರಡ ಲೀಟರ್ ಸುಟ್ಟ ಎಣ್ಣಿ ಕೊಡಪಾ, ಬಾಗಲಾ ಚೌಕಟ್ಟಿಗೆ ವರಲಿ ಹತ್ಯಾವ” ಎಂದು ಗೆದ್ದಲಿಗೆ ಹಚ್ಚಲು ಕೇಳುತ್ತಾರೆ. ಕಟ್ಟಡದವರು ಸೆಂಟ್ರಿಂಗ್ ಪ್ಲೇಟಿಗೆ ಸವರಲು ಒಯ್ಯುತ್ತಾರೆ. ಇದು ಹಳೆಯ ರೂಢಿ, ಕೇಳುವವರದು ತಪ್ಪೆಂದು ಹೇಳಲಾಗದು. ಆದರೂ ಮಕ್ಕಳು ಕೈ ಊರುವ ಬಾಗಿಲಿಗೆ ಸೀಸವೂ ಮಸಿಯೂ ಇರುವ ಎಣ್ಣೆ ಹಚ್ಚುವುದು ಬೇಡವೆಂದು ವಿನಯದಿಂದ ತಿಳಿಸಿ, ಅಂಗಡಿಯಲ್ಲಿ ಸಿಗುವ ವರಲಿ ಔಷಧ ಸೂಚಿಸಬೇಕು. ನಮ್ಮ ಚರ್ಮಕ್ಕೂ ಇದೇ ಮಾತು ಅನ್ವಯಿಸುತ್ತದೆ: ನೈಟ್ರೈಲ್ ಕೈಗವಸು ಹಾಕಬೇಕು, ಡೀಸೆಲ್ಲಿನಿಂದ ಕೈ ತೊಳೆಯುವುದನ್ನು ಬಿಡಬೇಕು, ಆಯಿಲ್ ಬಟ್ಟೆಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳಬಾರದು.

ಕಾಗದಪತ್ರ

ತ್ಯಾಜ್ಯ ಹುಟ್ಟಿಸುವವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ನಮೂನೆ 1ರಲ್ಲಿ ಅರ್ಜಿ ಹಾಕಿ ಅಧಿಕಾರಪತ್ರ ಪಡೆಯಬೇಕು. ದಿನದ ಲೆಕ್ಕ ನಮೂನೆ 3ರಲ್ಲಿ, ವಾರ್ಷಿಕ ವಿವರ ನಮೂನೆ 4ರಲ್ಲಿ, ಅದನ್ನು ಜೂನ್ 30ರೊಳಗೆ ಸಲ್ಲಿಸಬೇಕು. ಬ್ಯಾರಲ್ಲಿನ ಚೀಟಿ ನಮೂನೆ 8: ಹಳದಿ ನೆಲದ ಮೇಲೆ ಕೆಂಪು ಅಕ್ಷರ, ಹಿಂದಿ ಮತ್ತು ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆ ಕಡ್ಡಾಯ, ನೀರಿಗೆ ಅಳಿಸದಂಥದ್ದು. ತುಂಬಲು ಆರಂಭಿಸಿದ ದಿನಾಂಕವನ್ನೂ ಅದರ ಮೇಲೆ ಬರೆದರೆ 90 ದಿನದ ಲೆಕ್ಕ ತಪ್ಪುವುದಿಲ್ಲ.

ಸಾಗಣೆಗೆ ನಮೂನೆ 10 ಎಂಬ ರವಾನೆಪಟ್ಟಿ ಇದೆ, ಬಣ್ಣಬಣ್ಣದ ಏಳು ಪ್ರತಿಗಳು. ಬಿಳಿಯದನ್ನು ಗ್ಯಾರೇಜಿನವರು ಮಂಡಳಿಗೆ ಕಳಿಸುತ್ತಾರೆ. ಹಳದಿಯ ಮೇಲೆ ಸಾಗಣೆದಾರನ ಸಹಿ ಪಡೆದು ತಾವೇ ಇಟ್ಟುಕೊಳ್ಳುತ್ತಾರೆ. ಉಳಿದ ಐದು ಗಾಡಿಯೊಂದಿಗೆ ಹೋಗುತ್ತವೆ. ಗುಲಾಬಿ ಪ್ರತಿ ಎಣ್ಣೆ ಪಡೆದ ಮರುಶುದ್ಧೀಕರಣ ಘಟಕದಲ್ಲಿ ಉಳಿಯುತ್ತದೆ, ಕಿತ್ತಳೆ ಸಾಗಣೆದಾರನಿಗೆ, ಹಸಿರು ಮಂಡಳಿಗೆ, ಬೂದು ಬಣ್ಣದ್ದು ಮಾಲು ಬೇರೆ ರಾಜ್ಯಕ್ಕೆ ಹೋದಾಗ ಕಳಿಸಿದ ರಾಜ್ಯದ ಮಂಡಳಿಗೆ. ನೀಲಿ ಪ್ರತಿ ಘಟಕದವರ ಸಹಿಯೊಂದಿಗೆ ಗ್ಯಾರೇಜಿಗೆ ಮರಳಿ ಬರುತ್ತದೆ. ಗುಜರಿಯವರಿಗೆ ರೊಕ್ಕಕ್ಕೆ ಮಾರಿದ ಎಣ್ಣೆಗೆ ಈ ನೀಲಿ ಕಾಗದ ಎಂದೂ ಬರುವುದಿಲ್ಲ, ಅದು ಎಲ್ಲಿ ಸೇರಿತೆಂದು ಯಾರೂ ತೋರಿಸಲಾರರು. ನಾವು ಹಳದಿ ಮತ್ತು ನೀಲಿ ಪ್ರತಿಗಳನ್ನು ಜೋಡಿಯಾಗಿ ಪಿನ್ ಮಾಡಿ ಫೈಲಿನಲ್ಲಿಡುತ್ತೇವೆ. ಜೋಡಿಯಿಲ್ಲದ ಹಳದಿ ಕಂಡರೆ ಅಂದೇ ಘಟಕಕ್ಕೆ ಫೋನ್ ಹೋಗುತ್ತದೆ.